ಕೇಸ್ ಶೀಟಿನಲ್ಲಿ ಬಿದ್ದ ಒಂದು ಪದ

ಆಸ್ಪತ್ರೆಯ ಕಾಗದದಲ್ಲಿ ಬಿದ್ದ ಒಂದು ಪದದಿಂದ ಆರೋಗ್ಯ ವಿಮೆಯ ಹಣ ನಿಂತುಹೋದ ಕಥೆ ಇದು, ನನ್ನ ಜೊತೆ ಕೆಲಸ ಮಾಡಿದ ಒಬ್ಬರ ಮನೆಯಲ್ಲಿ ನಡೆದದ್ದು. ಬರೆಯಿರಿ, ಆದರೆ ಹೆಸರು ಮಾತ್ರ ಹಾಕಬೇಡಿ ಎಂದರು. ಹಾಗಾಗಿ ಇಲ್ಲಿ ಅವರು ರಾಯರು, ಅವರ ಹೆಂಡತಿ ಅಕ್ಕ. ಬ್ಯಾಂಕು, ವಿಮಾ ಕಂಪನಿ, ಆಸ್ಪತ್ರೆ ಯಾವುದರ ಹೆಸರೂ ಹೇಳುವುದಿಲ್ಲ.

ರಾಯರು 2017ರ ಮೇ ತಿಂಗಳಲ್ಲಿ ತುಮಕೂರಿನ ಒಂದು ಸರ್ಕಾರಿ ಬ್ಯಾಂಕಿನಿಂದ ಹೆಡ್ ಕ್ಯಾಷಿಯರ್ ಆಗಿ ನಿವೃತ್ತರಾದರು. ಮನೆ ಬಟವಾಡಿ ಕಡೆ. ಮಕ್ಕಳಿಲ್ಲ. ಅಕ್ಕನಿಗೆ ಎಡಗಾಲು ಪೋಲಿಯೊ. ಕಾಲಿಗೆ ಆಧಾರ ಕೊಡುವ ಕ್ಯಾಲಿಪರ್ ಕಟ್ಟಿಕೊಂಡು, ಒಂದು ಊರುಗೋಲು ಹಿಡಿದು, ಅಡುಗೆ, ಹೊಲಿಗೆ ಎಲ್ಲ ತಾವೇ ಮಾಡುತ್ತಿದ್ದರು. ಬೆಳಿಗ್ಗೆ ಸ್ಟೂಲ್ ಹಾಕಿಕೊಂಡು ಕೂತು ರಂಗೋಲಿ ಬಿಡುತ್ತಿದ್ದುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಮೊದಲು ಹಳೆಯ ವಿಷಯ. ನಿವೃತ್ತಿಯಾದಾಗ ನಮ್ಮೆಲ್ಲರಂತೆ ಅವರೂ ಬ್ಯಾಂಕ್ ನಿವೃತ್ತರ ಗುಂಪು ವಿಮೆಗೆ ಸೇರಿದ್ದರು. ಪ್ರತಿ ವರ್ಷ ನವೆಂಬರ್ 1ಕ್ಕೆ ಅದರ ನವೀಕರಣ. ಪ್ರೀಮಿಯಂ ಪೂರ್ತಿ ನಮ್ಮದೇ ಜೇಬಿನಿಂದ, ಪೆನ್ಷನ್ ಖಾತೆಯಿಂದ ಕತ್ತರಿಸಿಕೊಳ್ಳುತ್ತಾರೆ. ವರ್ಷಾ ವರ್ಷ ಅದು ಏರಿದ ರೀತಿ ನೋಡಿ ಬೇಜಾರಾಗದ ನಿವೃತ್ತರು ನನಗಂತೂ ಸಿಕ್ಕಿಲ್ಲ. ರಾಯರಂತೆ ಕ್ಲರ್ಕ್ ದರ್ಜೆಯಲ್ಲಿ ನಿವೃತ್ತರಾದವರಿಗೆ ಕವರ್ ಆಗ ಬರೀ 3 ಲಕ್ಷ. ರಾಯರು 2019ರಲ್ಲಿ ಲೆಕ್ಕ ಹಾಕಿದರು. ಹೊರಗೆ ಇದಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರೆ ಗಂಡ ಹೆಂಡತಿಗೆ ಸೇರಿ 5 ಲಕ್ಷದ ಪಾಲಿಸಿ ಸಿಗುತ್ತದಲ್ಲ ಎಂದು ಗುಂಪು ಬಿಟ್ಟರು. ಬಿಡಬೇಡಿ ಎಂದು ನಾನು ಹೇಳಿದ್ದೆ, ಕೇಳಲಿಲ್ಲ. ಗುಂಪು ಪಾಲಿಸಿಯಲ್ಲಿ ಹಳೆಯ ಕಾಯಿಲೆಗಳಿಗೂ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ನಿಮ್ಮ ಕಾಲು ಹೇಗಿದೆ, ಕಣ್ಣು ಹೇಗಿದೆ ಎಂದು ಯಾರೂ ಫಾರ್ಮ್ ಕೊಟ್ಟು ಕೇಳುವುದಿಲ್ಲ. ಮನೆಯಲ್ಲಿ ಅಂಗವೈಕಲ್ಯ ಇರುವವರಿದ್ದರೆ ಇದೇ ಅದರ ದೊಡ್ಡ ಬೆಲೆ. ಸೇರುವಾಗ ನಮಗ್ಯಾರಿಗೂ ಅದು ಹೊಳೆಯಲಿಲ್ಲ ಅಷ್ಟೆ.

ಹೊಸ ಪಾಲಿಸಿ 2019ರ ನವೆಂಬರ್ 4ರಿಂದ ಶುರುವಾಯಿತು. ಏಜೆಂಟ್ ಮನೆಗೇ ಬಂದ. ಒಂದು ನೋಟು ಕಡಿಮೆ ಬಂದರೆ ಇಡೀ ಕಟ್ಟು ಬಿಚ್ಚಿ ಮತ್ತೆ ಎಣಿಸುವ ಮನುಷ್ಯ, ಅವನು ಕೊಟ್ಟ ಪ್ರಪೋಸಲ್ ಫಾರ್ಮಿಗೆ ಓದದೆ ಮೂರು ಕಡೆ ಸಹಿ ಹಾಕಿದರು. ಅದರಲ್ಲಿ ಒಂದು ಪ್ರಶ್ನೆ ಇತ್ತು: ಯಾವುದಾದರೂ ದೈಹಿಕ ಊನ ಅಥವಾ ಅಂಗವೈಕಲ್ಯ ಇದೆಯೇ? ಉತ್ತರ 'ಇಲ್ಲ' ಎಂದು ಗುರುತಾಗಿತ್ತು. ಏಜೆಂಟ್ ಅಂದದ್ದು ಇಷ್ಟು: "ಹೌದು ಅಂತ ಹಾಕಿದ್ರೆ ಸುಮ್ನೆ ತಡ ಆಗುತ್ತೆ ಸಾರ್, ಹೇಗೂ ಮೆಡಿಕಲ್ ಇದೆಯಲ್ಲ, ಡಾಕ್ಟ್ರೇ ನೋಡ್ಕೋತಾರೆ." ಮೆಡಿಕಲ್ ನಡೆದದ್ದು ನಿಜ. ಕಂಪನಿ ಹೇಳಿದ ಲ್ಯಾಬಿಗೆ ಇಬ್ಬರೂ ಆಟೋದಲ್ಲಿ ಹೋದರು. ಅಲ್ಲಿನ ವೈದ್ಯರು ಅಕ್ಕನ ಕ್ಯಾಲಿಪರ್ ಬಿಚ್ಚಿಸಿ ನೋಡಿದರು, ಏನೋ ಬರೆದುಕೊಂಡರು. ಪಾಲಿಸಿ ಬಂತು. ಈ ಮೆಡಿಕಲ್ ನೆನಪಿಟ್ಟುಕೊಳ್ಳಿ.

2025ರ ಫೆಬ್ರವರಿ 9, ಭಾನುವಾರ ರಾತ್ರಿ. ಅಕ್ಕ ಬಚ್ಚಲಲ್ಲಿ ಜಾರಿ ಎಡಗಡೆ ಬಿದ್ದರು. ಊರಿನ ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆದು, ತೊಡೆಮೂಳೆಯ ಕುತ್ತಿಗೆ ಮುರಿದಿದೆ, ಪೋಲಿಯೊ ಕಾಲು ಬೇರೆ, ಇಲ್ಲಿ ಬೇಡ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು. ಆಂಬುಲೆನ್ಸ್‌ನಲ್ಲಿ 70 ಕಿಲೋಮೀಟರ್. ನೆಲಮಂಗಲದವರೆಗೂ ಅಕ್ಕ ಒಂದೇ ಸಮನೆ ನರಳುತ್ತಿದ್ದರಂತೆ, ಆಮೇಲೆ ಸುಮ್ಮನಾದರಂತೆ. ಅದೇ ಜಾಸ್ತಿ ಹೆದರಿಕೆ ಆಯಿತು ಎಂದರು ರಾಯರು. ಆಸ್ಪತ್ರೆ ಮುಟ್ಟಿದಾಗ ರಾತ್ರಿ ಎರಡು ಗಂಟೆ.

ಕ್ಯಾಷುವಾಲ್ಟಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡ್ಯೂಟಿ ಡಾಕ್ಟರ್ ಕಾಗದ ಹಿಡಿದು ಕೇಳಿದರು. ಬಿಪಿ ಇದೆಯಾ, ಶುಗರ್ ಇದೆಯಾ, ಈ ಕಾಲು ಯಾವಾಗಿನಿಂದ ಹೀಗಿದೆ? ರಾಯರು ಹೇಳಿದರು: "ಹುಟ್ಟಿದಾಗ್ಲಿಂದ್ಲೂ ಹಾಗೇ ಸಾರ್."

ನಾವು ಹೀಗೆ ಮಾತಾಡುವವರೇ ಅಲ್ವಾ? ಹುಟ್ಟಿದಾಗ್ಲಿಂದ ಹಾಗಲಕಾಯಿ ಮುಟ್ಟಿಲ್ಲ, ಹುಟ್ಟಿದಾಗ್ಲಿಂದ ಇವನು ಹೀಗೇ ಸೋಮಾರಿ. ಯಾರೂ ಜನನ ಪತ್ರ ನೋಡಿಕೊಂಡು ಈ ಮಾತು ಆಡುವುದಿಲ್ಲ. ಆದರೆ ಡ್ಯೂಟಿ ಡಾಕ್ಟರ್ ಅದನ್ನು ಇಂಗ್ಲಿಷಿಗೆ ತಿರುಗಿಸಿ ಕೇಸ್ ಶೀಟಿನಲ್ಲಿ ಬರೆದರು: ಎಡಗಾಲಿನ ಊನ, ಹುಟ್ಟಿನಿಂದ, ಗಂಡನ ಹೇಳಿಕೆ. ಆ ಒಂದು ಪದಕ್ಕೆ ಒಂಬತ್ತು ತಿಂಗಳು ಹಿಡಿಯಿತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕ್ಯಾಷ್‌ಲೆಸ್ ಅರ್ಜಿ, ಅಂದರೆ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟಲಿ ಎಂಬ ಅರ್ಜಿ ಹೋಯಿತು. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಮಾಸ್ಟರ್ ಸುತ್ತೋಲೆಯ ಪ್ರಕಾರ ಒಂದು ಗಂಟೆಯೊಳಗೆ ಹೌದು ಅಥವಾ ಇಲ್ಲ ಹೇಳಬೇಕು. ಡಿಸ್ಚಾರ್ಜ್‌ಗೆ ಮೂರು ಗಂಟೆ. ಇವರಿಗೆ ಮೊದಲು ಒಂದು ಪ್ರಶ್ನೆ ಬಂತು, ಆಮೇಲೆ ಇನ್ನೊಂದು. ಸಂಜೆ ನಾಲ್ಕಕ್ಕೆ 'ಸದ್ಯಕ್ಕೆ ನಿರಾಕರಿಸಲಾಗಿದೆ, ಬಿಲ್ ಕಟ್ಟಿ ಆಮೇಲೆ ಕ್ಲೇಮ್ ಮಾಡಿ' ಎಂದರು. ರಾಯರು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿದ್ದ 4 ಲಕ್ಷದ ಒಂದು ಖಾತೆ ಮುರಿದರು. ಒಳ್ಳೆಯ ಬಡ್ಡಿ ಬರುತ್ತಿದ್ದ ಹಣ. ಎರಡು ವರ್ಷ ದಾಟಿದ್ದರಿಂದ 1% ಕಡಿತ, 4,000 ರೂಪಾಯಿ ಹೋಯಿತು. ಅಷ್ಟೆಲ್ಲ ನಡೆದಿದ್ದರಲ್ಲಿ ಈ 4,000ದ ಬಗ್ಗೆ ಅವರು ಇವತ್ತಿಗೂ ಬೇಸರ ಮಾಡಿಕೊಳ್ಳುತ್ತಾರೆ. ಕ್ಯಾಷಿಯರ್ ಬುದ್ಧಿ.

ಆಪರೇಷನ್ ಸರಿಯಾಗೇ ಆಯಿತು. ಸೊಂಟದ ಕೀಲು ಪೂರ್ತಿ ಬದಲಾಯಿಸಿದರು. ಪೋಲಿಯೊ ಕಾಲಿನಲ್ಲಿ ಸ್ನಾಯು ಸೋತಿರುವುದರಿಂದ ಮಾಮೂಲಿ ಕೀಲು ಹಾಕಿದರೆ ಜಾರಿ ಹೊರಬರುವ ಅಪಾಯ ಜಾಸ್ತಿ. ಅದಕ್ಕೆ ಡ್ಯುಯಲ್ ಮೊಬಿಲಿಟಿ ಎನ್ನುವ ಬೇರೆ ತರಹದ ಕಪ್ ಹಾಕಿದರು, ಬೆಲೆಯೂ ಜಾಸ್ತಿ. ರೂಮಿನ ವಿಷಯಕ್ಕೂ ತೊಂದರೆ. ಪಾಲಿಸಿ ಪ್ರಕಾರ ದಿನಕ್ಕೆ 5,000 ರೂಪಾಯಿಯ ರೂಮು. ಆ ರೂಮಿನ ಟಾಯ್ಲೆಟ್ಟಿಗೆ ನಾಲ್ಕು ಬೆರಳೆತ್ತರದ ಹೊಸ್ತಿಲು, ಹಿಡಿದುಕೊಳ್ಳಲು ಗೋಡೆಯಲ್ಲಿ ಒಂದು ಸರಳೂ ಇಲ್ಲ. ಸರಳಿದ್ದ ರೂಮು 7,500. ಬಚ್ಚಲಲ್ಲಿ ಬಿದ್ದೇ ಬಂದವರಿಗೆ ಯಾವುದನ್ನು ಕೊಡಿಸುತ್ತೀರಿ? ಒಟ್ಟು ಬಿಲ್ 4,12,000.

ಕ್ಲೇಮ್ ಹಾಕಿದ ಮೇಲೆ ಮಾರ್ಚ್ 28ಕ್ಕೆ ಮೊದಲ ಪತ್ರ. ಇದ್ದ ಅಂಗವೈಕಲ್ಯವನ್ನು ಪ್ರಪೋಸಲ್ ಫಾರ್ಮಿನಲ್ಲಿ ಮುಚ್ಚಿಟ್ಟಿದ್ದೀರಿ, ಕ್ಲೇಮ್ ತಿರಸ್ಕರಿಸಲಾಗಿದೆ. ಪಾಲಿಸಿ ರದ್ದು ಮಾಡುವ ಹಕ್ಕೂ ನಮಗಿದೆ ಎಂದು ಕೊನೆಯ ಸಾಲು. ಆ ಕೊನೆಯ ಸಾಲೇ ಅವರನ್ನು ಅಲುಗಾಡಿಸಿದ್ದು. 68ನೇ ವಯಸ್ಸಿನಲ್ಲಿ ಪಾಲಿಸಿ ಹೋದರೆ ಇನ್ನೆಲ್ಲಿ ಹೋಗುವುದು? ಪತ್ರ ಹಿಡಿದು ನನ್ನ ಮನೆಗೆ ಬಂದಾಗ ಅವರ ಕೈ ನಡುಗುತ್ತಿತ್ತು.

ಅವರ ಸಂಬಂಧಿಕರಲ್ಲಿ ಒಬ್ಬ ವಕೀಲ ಫೋನಿನಲ್ಲೇ 'ಸೆಕ್ಷನ್ 45 ಹಾಕಿ, ಮೂರು ವರ್ಷ ಆದ ಮೇಲೆ ಕೇಳೋ ಹಾಗಿಲ್ಲ' ಎಂದು ಧೈರ್ಯ ಹೇಳಿದ್ದರು. ಅದು ಜೀವವಿಮೆಗೆ ಇರುವ ಸೆಕ್ಷನ್. ಆರೋಗ್ಯ ಪಾಲಿಸಿಗೆ ಬೇರೆ ನಿಯಮ, ಅದಕ್ಕೆ ಮೊರಟೋರಿಯಂ ಎನ್ನುತ್ತಾರೆ. ಮೊದಲು 8 ವರ್ಷ ಇತ್ತು, 2024ರ ಏಪ್ರಿಲ್‌ನಿಂದ 5 ವರ್ಷಕ್ಕೆ ಇಳಿಸಿದರು. ಪಾಲಿಸಿ ಎಲ್ಲೂ ತಪ್ಪದೆ 60 ತಿಂಗಳು ನಡೆದಿದ್ದರೆ, ಆಮೇಲೆ ನೀವು ಅದು ಹೇಳಲಿಲ್ಲ, ಇದು ಮುಚ್ಚಿಟ್ಟಿರಿ ಎಂದು ಕಂಪನಿ ಕ್ಲೇಮ್ ನಿಲ್ಲಿಸುವಂತಿಲ್ಲ. ಮೋಸ ಎಂದು ಸಾಬೀತು ಮಾಡಿದರೆ ಮಾತ್ರ ನಿಲ್ಲಿಸಬಹುದು. ಬೆರಳು ಮಡಚಿ ಎಣಿಸಿದೆವು. 2019ರ ನವೆಂಬರ್ 4ರಿಂದ 2024ರ ನವೆಂಬರ್ 3ಕ್ಕೆ 60 ತಿಂಗಳು ಮುಗಿದಿತ್ತು. ಅಕ್ಕ ಬಿದ್ದದ್ದು ಅದಾಗಿ ಮೂರು ತಿಂಗಳಿಗೆ. ಇದನ್ನೇ ಬರೆದು ಕಂಪನಿಯ ದೂರು ಅಧಿಕಾರಿಗೆ ಕಳಿಸಿದೆವು. ಮುಗಿಯಿತು ಎಂದುಕೊಂಡೆ. ನನಗೆ ಸ್ವಲ್ಪ ಜಂಬವೂ ಬಂದಿತ್ತು ಎನ್ನಿ.

ಏಪ್ರಿಲ್ 22ಕ್ಕೆ ಎರಡನೇ ಪತ್ರ ಬಂತು. ಅದರಲ್ಲಿ ಮುಚ್ಚಿಟ್ಟ ಮಾತೇ ಇಲ್ಲ! ಹೊಸ ಕಾರಣ: ಆಸ್ಪತ್ರೆಯ ದಾಖಲೆಯಂತೆ ರೋಗಿಯ ಎಡಗಾಲಿನ ಊನ ಹುಟ್ಟಿನಿಂದ ಬಂದದ್ದು, ಹೊರಗೆ ಕಾಣುವ ಜನ್ಮಜಾತ ಊನ ಮತ್ತು ಅದರಿಂದ ಬರುವ ತೊಂದರೆಗಳು ಪಾಲಿಸಿಯಲ್ಲಿ ಶಾಶ್ವತವಾಗಿ ಹೊರಗಿಟ್ಟವು, ಆದ್ದರಿಂದ ಹಣ ಕೊಡಲಾಗದು.

ಇದು ಯೋಚಿಸಿ ಇಟ್ಟ ಹೆಜ್ಜೆ. ಮೊರಟೋರಿಯಂ ಷರತ್ತಿನಲ್ಲಿ ಮೋಸದ ಜೊತೆ ಇನ್ನೊಂದು ವಿನಾಯಿತಿ ಇದೆ: ಪಾಲಿಸಿಯಲ್ಲಿ ಶಾಶ್ವತವಾಗಿ ಹೊರಗಿಟ್ಟ ವಿಷಯಗಳು. 60 ತಿಂಗಳಲ್ಲ, 600 ತಿಂಗಳಾದರೂ ಅವು ಒಳಗೆ ಬರುವುದಿಲ್ಲ. ಮೊದಲ ಬಾಗಿಲು ನಾವು ಮುಚ್ಚಿದ ಕೂಡಲೇ ಅವರು ಎರಡನೆಯದರಿಂದ ಬಂದರು. ಆ ಬಾಗಿಲಿನ ಕೀಲಿ ಕೇಸ್ ಶೀಟಿನ ಆ ಒಂದು ಪದ.

ರಾಯರು ಆ ರಾತ್ರಿ ತಾವು ಏನು ಹೇಳಿದ್ದು ಎಂದು ಅಕ್ಕನಿಗೆ ಹೇಳಿದರು. ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ. "ಮದುವೆಯಾಗಿ 40 ವರ್ಷ ಆಯ್ತು, ನನ್ನ ಕಾಲು ಹೇಗೆ ಹೋಯ್ತು ಅಂತ ಒಂದು ದಿನ ಕೇಳಿದೀರಾ?" ಎಂದರು ಅಷ್ಟೆ. ರಾಯರು ತಲೆ ತಗ್ಗಿಸಿ ಕೂತರು. ನಾನು ಕಾಫಿ ಲೋಟ ಹಿಡಿದುಕೊಂಡು ಗೋಡೆ ನೋಡುತ್ತಿದ್ದೆ.

ಅವತ್ತು ಅಕ್ಕ ಪೂರ್ತಿ ಹೇಳಿದರು. ಶಿರಾ ಕಡೆಯ ಹಳ್ಳಿ. ಓಡಾಡುತ್ತಿದ್ದ ಮಗು. ಮೂರು ದಿನ ಜ್ವರ, ಯಾರೋ ತೊಡೆಗೆ ಸೂಜಿ ಚುಚ್ಚಿದರು, ಮರುದಿನ ಬೆಳಿಗ್ಗೆ ಎಬ್ಬಿಸಿದರೆ ಕಾಲು ನಿಲ್ಲಲಿಲ್ಲ. ಸೂಜಿಯಿಂದಲೇ ಕಾಲು ಹೋಯಿತು ಎಂದು ಅವರ ತಾಯಿ ಸಾಯುವವರೆಗೂ ನಂಬಿದ್ದರಂತೆ. ಪೋಲಿಯೊ ಬಂದವರ ಮನೆಗಳಲ್ಲಿ ಈ ಮಾತು ಬಹಳ ಕೇಳಿದ್ದೇನೆ. ಪೂರ್ತಿ ಸುಳ್ಳೂ ಅಲ್ಲ. ಮೈಯಲ್ಲಿ ಪೋಲಿಯೊ ವೈರಸ್ ಇರುವಾಗ ಸ್ನಾಯುವಿಗೆ ಸೂಜಿ ಚುಚ್ಚಿದರೆ ಆ ಕಾಲಿಗೇ ಪಾರ್ಶ್ವವಾಯು ಹೊಡೆಯುವ ಸಾಧ್ಯತೆ ಹೆಚ್ಚು ಎಂದು ವೈದ್ಯರೇ ಗುರುತಿಸಿದ್ದಾರೆ. ಅದು 1960ರ ದಶಕದ ಶುರು. ದೇಶದ ಲಸಿಕೆ ಕಾರ್ಯಕ್ರಮ ಶುರುವಾದದ್ದೇ 1978ರಲ್ಲಿ, ಪಲ್ಸ್ ಪೋಲಿಯೊ 1995ರಲ್ಲಿ. ಅಕ್ಕನ ಪಾಲಿಗೆ ಏನೂ ಇರಲಿಲ್ಲ.

ನಮಗೆ ಬೇಕಾದ ದಾರಿ ಈಗ ಕಂಡಿತು. ಜನ್ಮಜಾತ ಎಂದರೆ ಹುಟ್ಟುವಾಗಲೇ ಇರುವ ಊನ ಎಂದು ಪಾಲಿಸಿಯ ವ್ಯಾಖ್ಯೆಯೇ ಹೇಳುತ್ತದೆ. ಪೋಲಿಯೊ ಹುಟ್ಟಿದ ಮೇಲೆ ವೈರಸ್ ತಗುಲಿ ಬರುವ ರೋಗ. ಆದರೆ ಬಾಯಿಮಾತಿಗೆ ಬೆಲೆ ಇಲ್ಲ, ಕಾಗದ ಬೇಕು.

ಮೊದಲು ಆಸ್ಪತ್ರೆಗೆ ಹೋದೆವು. ಕೇಸ್ ಶೀಟ್ ತಿದ್ದಿಕೊಡಿ ಎಂದು ರಾಯರು ಕೇಳಿಯೇಬಿಟ್ಟರು, ನಾನು ಅವರ ಕೈ ಒತ್ತಿದೆ. ಹಾಗೆ ಕೇಳಲೇಬಾರದು. ದಾಖಲೆ ತಿದ್ದಿದರೆ ನಾವೇ ಮೋಸ ಮಾಡಿದಂತೆ. ಕಂಪನಿಗೆ ಬೇಕಿರುವುದೂ ಅದೇ. ಆಪರೇಷನ್ ಮಾಡಿದ ಸರ್ಜನ್ ಒಳ್ಳೆಯ ಮನುಷ್ಯ. ಬೇರೆ ಪ್ರಮಾಣಪತ್ರ ಬರೆದುಕೊಟ್ಟರು: ತಪಾಸಣೆಯಲ್ಲಿ ಕಂಡದ್ದು ಪೋಲಿಯೊ ನಂತರ ಉಳಿದ ಪಾರ್ಶ್ವವಾಯು, ಇದು ಜನ್ಮಜಾತವಲ್ಲ, ದಾಖಲಾತಿ ವೇಳೆಯ ಟಿಪ್ಪಣಿ ಸಂಬಂಧಿಕರ ಮಾತಿನ ಮೇಲೆ ಬರೆದದ್ದು. ಡಾಕ್ಟರುಗಳ ಬಾಯಲ್ಲಿ ಇದು ಪಿಪಿಆರ್‌ಪಿ. ಈ ನಾಲ್ಕು ಅಕ್ಷರ ಮುಂದೆ ಮತ್ತೆ ಬರುತ್ತದೆ.

ಎರಡನೆಯದು ರಾಯರ ಇನ್‌ಕಂ ಟ್ಯಾಕ್ಸ್ ಫೈಲಿನಲ್ಲೇ ಸಿಕ್ಕಿತು. ಅಂಗವಿಕಲ ಅವಲಂಬಿತರಿದ್ದರೆ ಆದಾಯ ತೆರಿಗೆಯ 80ಡಿಡಿ ಸೆಕ್ಷನ್ ಅಡಿ 75,000 ರೂಪಾಯಿ ವಿನಾಯಿತಿ ಇತ್ತು, ಅಂಗವೈಕಲ್ಯ 40% ಅಥವಾ ಮೇಲಿದ್ದರೆ. ರಾಯರು ಅದನ್ನು ವರ್ಷಾ ವರ್ಷ ತಪ್ಪದೆ ತೆಗೆದುಕೊಂಡಿದ್ದರು. ಅದಕ್ಕೆ ಜೋಡಿಸಿಟ್ಟ ಜಿಲ್ಲಾ ಆಸ್ಪತ್ರೆಯ ಹಳೆಯ ಪ್ರಮಾಣಪತ್ರದಲ್ಲಿ ಪೋಲಿಯೊ, ಎಡಗಾಲು, 60% ಎಂದು ಟೈಪ್ ಆಗಿತ್ತು. ಸರ್ಕಾರಕ್ಕೆ ಪ್ರತಿ ವರ್ಷ ತಿಳಿಸಿದ ವಿಷಯವನ್ನು ಕಂಪನಿಗೆ ಮುಚ್ಚಿಟ್ಟರು ಎನ್ನುವುದು ತಮಾಷೆಯೇ. ಆದರೂ ಫಾರ್ಮಿನಲ್ಲಿ 'ಇಲ್ಲ' ಎಂದು ಇದ್ದದ್ದೂ, ಕೆಳಗೆ ರಾಯರ ಸಹಿ ಇದ್ದದ್ದೂ ನಿಜ. ಆ ಜಾಗದಲ್ಲಿ ಅವರದ್ದು ತಪ್ಪೇ.

ಎಲ್ಲಿಗೆ ಹೋಗುವುದು ಎಂದು ಸ್ವಲ್ಪ ಚರ್ಚೆಯಾಯಿತು. ತುಮಕೂರಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ, ಎರಡು ವರ್ಷದೊಳಗೆ ಹಾಕಬಹುದು. ನಾನು ವಿಮಾ ಒಂಬುಡ್ಸ್‌ಮನ್ ಎಂದೆ, ವಿಮಾ ಕಂಪನಿಗಳ ಮೇಲಿನ ದೂರು ತೀರ್ಮಾನಿಸುವವರು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಫೀಸ್ ಇಲ್ಲ, ವಕೀಲರಿಗೆ ಪ್ರವೇಶವೇ ಇಲ್ಲ. ಮೊದಲು ಕಂಪನಿಗೆ ಬರೆದಿರಬೇಕು, ಅವರು ತಿರಸ್ಕರಿಸಿದ ಅಥವಾ ತಿಂಗಳಾದರೂ ಉತ್ತರ ಕೊಡದ ಮೇಲೆ ಒಂದು ವರ್ಷದೊಳಗೆ ಹೋಗಬೇಕು. ಅವರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ. ನಮಗೆ ಸಮಾಧಾನವಾಗದಿದ್ದರೆ ಆಮೇಲೂ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಮೊದಲು ಆಯೋಗಕ್ಕೆ ಹೋದರೆ ಮಾತ್ರ ಇವರು ಮುಟ್ಟುವುದಿಲ್ಲ. ಜೂನ್‌ನಲ್ಲಿ ದೂರು ಹಾಕಿದೆವು.

ಕಂಪನಿ ತನ್ನ ಉತ್ತರದ ಟಿಪ್ಪಣಿ ಸಲ್ಲಿಸಿತು, ಅದರ ಪ್ರತಿ ನಮಗೂ ಬಂತು. ಜೊತೆಗೆ ಲಗತ್ತು, ಪುಟಗಟ್ಟಲೆ. ರಾಯರು ಒಂದೊಂದೇ ಹಾಳೆ ತಿರುವಿ ನೋಡಿದರು, ನೋಟು ಎಣಿಸಿದ ಹಾಗೆ. ಒಂದು ಹಾಳೆಯಲ್ಲಿ ನಿಂತರು. 2019ರ ಮೆಡಿಕಲ್ ವರದಿ. ಕಂಪನಿಯೇ ಕಳಿಸಿದ ಲ್ಯಾಬಿನ ವೈದ್ಯರು ಕೈಬರಹದಲ್ಲಿ ಬರೆದಿದ್ದರು: ಪಿಪಿಆರ್‌ಪಿ, ಎಡಗಾಲು, ಕ್ಯಾಲಿಪರ್ ಬಳಸುತ್ತಾರೆ. ಕೆಳಗೆ ಅಕ್ಕನ ಸಹಿ, ಕಂಪನಿಯ ಸೀಲು. ಅಂದರೆ ಪಾಲಿಸಿ ಕೊಡುವ ಮುಂಚೆಯೇ ಅವರಿಗೆ ಎಲ್ಲ ಗೊತ್ತಿತ್ತು. ಆ ಹಾಳೆಯನ್ನು ಓದದೆಯೇ ಜೋಡಿಸಿ ಕಳಿಸಿದ್ದರು ಎಂದೇ ನನ್ನ ಅನುಮಾನ. ಓದದೆ ಸಹಿ ಹಾಕುವವರು ರಾಯರೊಬ್ಬರೇ ಅಲ್ಲ.

ವಿಚಾರಣೆ ಸೆಪ್ಟೆಂಬರ್‌ನಲ್ಲಿ, ವಿಡಿಯೋ ಮೂಲಕ. ಫೋನನ್ನು ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿ ಇಟ್ಟಿದ್ದರು. ನಾನು ಕ್ಯಾಮೆರಾ ಆಚೆ ಕೂತಿದ್ದೆ. ಕಂಪನಿಯ ಪ್ರತಿನಿಧಿ ಒಂದು ಒಳ್ಳೆಯ ಪ್ರಶ್ನೆಯನ್ನೇ ಎತ್ತಿದರು. ಸಾಮಾನ್ಯವಾಗಿ ಬಿದ್ದರೆ ಮುರಿಯದ ಮೂಳೆ ಇವರದ್ದು ಮುರಿಯಿತು, ಆ ಕಾಲಿನ ಮೂಳೆ ಮೊದಲೇ ತೆಳ್ಳಗಿತ್ತು, ಹಾಗಾದರೆ ಮುರಿತಕ್ಕೆ ಊನವೇ ಕಾರಣ ಅಲ್ಲವೇ? ವೈದ್ಯಕೀಯವಾಗಿ ಇದರಲ್ಲಿ ಸತ್ಯ ಇದೆ. ಭಾರ ಹೊರದ ಕಾಲಿನ ಮೂಳೆ ಸವೆಯುತ್ತದೆ. ಆದರೆ ಸವೆದದ್ದು ಪೋಲಿಯೊದಿಂದ, ಹುಟ್ಟಿನಿಂದಲ್ಲ. ಪೋಲಿಯೊ ಗೊತ್ತಿದ್ದೇ ಪಾಲಿಸಿ ಕೊಟ್ಟಿದ್ದೀರಿ, ಹಳೆಯ ಕಾಯಿಲೆಗೆ ರಕ್ಷಣೆ ಸಿಗಲು ಕಾಯಬೇಕಾದ ಅವಧಿಯೂ ಮುಗಿದಿದೆ. ರಾಯರು ಇದನ್ನು ಹೇಳಲು ಹೋಗಿ ತಡವರಿಸಿದರು. ಅಕ್ಕ ಫೋನ್ ತಮ್ಮ ಕಡೆ ತಿರುಗಿಸಿಕೊಂಡು, "ಸಾರ್, ನಾನು ನಡೀತಾ ಇದ್ದೆ. ನಡೆಯೋದು ಕಲ್ತ ಮೇಲೆ ಕಾಲು ಹೋಗಿದ್ದು. ಹುಟ್ಟಿನಿಂದ ಅಂತ ಹೇಳಿದವರು ಆಗ ನನ್ನ ನೋಡೇ ಇರಲಿಲ್ಲ," ಎಂದರು. ಎದುರಿಗಿದ್ದವರು ಒಂದು ಕ್ಷಣ ಏನೂ ಕೇಳಲಿಲ್ಲ.

ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಹೊರಗಿಡುವ ಷರತ್ತು ಅನ್ವಯಿಸುತ್ತದೆ ಎಂದು ತೋರಿಸುವ ಹೊಣೆ ಕಂಪನಿಯದ್ದು, ತೋರಿಸಿಲ್ಲ, ಪಾಲಿಸಿ ಷರತ್ತಿನಂತೆ ಬರಬೇಕಾದ್ದನ್ನು ಬಡ್ಡಿ ಸಮೇತ ಕೊಡಿ. ಕಂಪನಿಗೆ 30 ದಿನ.

ಇಲ್ಲಿಗೆ ಮುಗಿಯಲಿಲ್ಲ. ಕಂಪನಿ ಲೆಕ್ಕ ಕಳಿಸಿತು: 2,67,333 ರೂಪಾಯಿ. 5,000ದ ಬದಲು 7,500ರ ರೂಮು ತಗೊಂಡಿದ್ದಕ್ಕೆ ರೂಮಿನ ಬಾಡಿಗೆಯಷ್ಟೇ ಅಲ್ಲ, ಇಡೀ ಬಿಲ್ಲಿಗೆ ಮೂರರಲ್ಲಿ ಒಂದು ಪಾಲು ಕತ್ತರಿ ಹಾಕಿದ್ದರು. ಈ ಕತ್ತರಿ ಸರ್ಜನ್ ಫೀಸ್, ಆಪರೇಷನ್ ಥಿಯೇಟರ್, ನರ್ಸಿಂಗ್ ಇಂಥವಕ್ಕೆ ಹಾಕಬಹುದು. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳಿಗೆ ಹಾಕುವಂತಿಲ್ಲ. ರೂಮು ಯಾವುದಾದರೂ ಕೀಲಿನ ಬೆಲೆ ಬದಲಾಗುವುದಿಲ್ಲವಲ್ಲ. ರಾಯರಿಗೆ ಇದು ತಮ್ಮ ಹೊಲ. ಒಂದು ಸಂಜೆ ಕೂತು ಬಿಲ್ ಬಿಡಿಸಿದರು. ಇಂಪ್ಲಾಂಟ್ 1,45,000, ಔಷಧಿ ಮತ್ತು ಸಾಮಗ್ರಿ 62,000, ಪರೀಕ್ಷೆ 23,000. ಇದರಲ್ಲಿ ಕೊಡಬೇಕಿಲ್ಲದ ಕೈಗವಸು ಗಿಯ್ಗವಸು 11,000 ಕಳೆದರೆ 2,19,000, ಇದಕ್ಕೆ ಕತ್ತರಿ ಇಲ್ಲ. ರೂಮಿನ ಬಾಡಿಗೆ ಬಿಟ್ಟು ಉಳಿದ 1,37,000ಕ್ಕೆ ಕತ್ತರಿ ಬಿದ್ದರೆ 91,333. ಆರು ದಿನದ ರೂಮು 30,000. ಒಟ್ಟು 3,40,333. ವ್ಯತ್ಯಾಸ ಸರಿಯಾಗಿ 73,000. ಒಂದೇ ಪುಟದ ಮೇಲ್. ಹತ್ತು ದಿನದಲ್ಲಿ ಒಪ್ಪಿಕೊಂಡರು, ನವೆಂಬರ್‌ನಲ್ಲಿ ಹಣ ಬಂತು.

ಬಾರದೇ ಉಳಿದದ್ದನ್ನೂ ಹೇಳಬೇಕು. ಹೊಸ ಕ್ಯಾಲಿಪರ್, ಗಾಲಿಕುರ್ಚಿ, ಎರಡು ತಿಂಗಳು ಇಟ್ಟುಕೊಂಡ ಆಯಾ, ಯಾವುದಕ್ಕೂ ಒಂದು ಪೈಸೆ ಸಿಗಲಿಲ್ಲ. ನಡೆಯಲು ಬೇಕಾದ ಸಾಧನ, ಆಯಾ ಖರ್ಚು ಎಲ್ಲ ಕೊಡಬೇಕಿಲ್ಲದ ವಸ್ತುಗಳ ಪಟ್ಟಿಯಲ್ಲಿ ಕೂತಿವೆ. ಇದು ಯಾವ ನ್ಯಾಯ ಎಂದು ನನಗೆ ಈಗಲೂ ಅರ್ಥವಾಗಿಲ್ಲ. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯವರ ಹಣ ಬಹುಶಃ ಬರುತ್ತಿತ್ತು. ರಸೀದಿ ತೆಗೆದುಕೊಂಡಿರಲಿಲ್ಲ.

ನವೀಕರಣದ ಹೊತ್ತಿಗೆ ಒಂದು ಸಣ್ಣ ಸಮಾಧಾನ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ, ರಾಯರಿಗೆ 18% ಉಳಿಯಿತು. ಗುಂಪಿನಲ್ಲೇ ಉಳಿದ ನಾವು ಈಗಲೂ ಕಟ್ಟುತ್ತಿದ್ದೇವೆ. ರಾಯರು ಇದನ್ನು ನನಗೆ ವಾರಕ್ಕೊಮ್ಮೆಯಾದರೂ ನೆನಪಿಸುತ್ತಾರೆ. ನವೀಕರಣದ ಜೊತೆಗೇ ಅಕ್ಕನ ಪೋಲಿಯೊ ವಿಷಯ ಪಾಲಿಸಿಯಲ್ಲಿ ನಮೂದಿಸಿ ಎಂದು ಪತ್ರ ಕೊಟ್ಟೆವು. ಏಜೆಂಟ್ ಯಾಕೆ ಸಾರ್ ಸುಮ್ನೆ ಎಂದ. ಈ ಸಲ ಫಾರ್ಮನ್ನು ಅಕ್ಕನೇ ತುಂಬಿದರು.

ಹೋದ ವಾರ ಇಬ್ಬರ ಜೊತೆ ಚೆಕಪ್‌ಗೆ ಹೋಗಿದ್ದೆ. ಹೊಸ ಡ್ಯೂಟಿ ಡಾಕ್ಟರ್ ಮತ್ತೆ ಕೇಳಿದರು, ಈ ಕಾಲು ಯಾವಾಗಿನಿಂದ? ರಾಯರು ಬೆನ್ನು ನೆಟ್ಟಗೆ ಮಾಡಿ, "ಪೋಲಿಯೊ ಸಾರ್, ಒಂದೂವರೆ ವರ್ಷಕ್ಕೆ ಬಂದಿದ್ದು," ಎಂದರು.

"ಒಂದು ವರ್ಷ ಎಂಟು ತಿಂಗಳು," ಎಂದರು ಅಕ್ಕ. "ಹಾಗೇ ಬರ್ಕೊಳ್ಳಿ."